‘ನಿನ್ನಿಷ್ಟ’ ಅಂದರೆ ಒಪ್ಪಿಗೆನಾ?

ಪ್ರಶ್ನೆ: ನನಗೆ 36 ವರ್ಷ, ದಾವಣಗೆರೆಯವಳು. ಗಂಡ, ನಾನು ಮಾಂಟ್ರಿಯಲ್‌ಗೆ ಬಂದು ಆರು ವರ್ಷವಾಯಿತು. ಇಲ್ಲಿ ಜೋಡಿಗಳು ಸಂಗಾತಿ ಬದಲಿಸಿಕೊಳ್ಳುವ ಕ್ಲಬ್ಬಿಗೆ ಎರಡು ಸಲ ಹೋಗಿದ್ದೆವು. ನಾವು ಯಾರ ಜೊತೆಗೂ ಸೇರಲಿಲ್ಲ. ಸೋಫಾದಲ್ಲಿ ಕೂತು ನೋಡಿದೆವು, ಅಷ್ಟೇ. ಎರಡನೇ ಸಲ ನಾವಿಬ್ಬರು ಮುತ್ತಿಡುವಾಗ ಎದುರಿನ ಜೋಡಿ ನಮ್ಮನ್ನೇ ನೋಡುತ್ತಿತ್ತು. ಸುಳ್ಳು ಯಾಕೆ, ನನಗೆ ಅದು ಹಿಡಿಸಿತು. ವಾಪಸ್ ಬರುವಾಗ ಕಾರಿನಲ್ಲಿ ಇವರು ಮಾತೇ ಆಡಲಿಲ್ಲ. ಕೇಳಿದರೆ “ನಿನ್ನಿಷ್ಟ ಅಂತ ಬಂದೆ” ಅಂದರು. ನನಗಿರುವುದು ಕಾಯಿಲೆಯಾ? ಪೊಲೀಸ್ ಕೇಸ್ ಏನಾದರೂ ಆಗುತ್ತಾ?

ಉತ್ತರ: ಪೊಲೀಸ್ ವಿಷಯ ಮೊದಲು ಮುಗಿಸಿಬಿಡೋಣ. ನಿಮ್ಮ ಮಾಂಟ್ರಿಯಲ್‌ನದೇ ಒಂದು ಕ್ಲಬ್ಬಿನ ಕೇಸು ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಇದೆಲ್ಲ ನಡೆಯುತ್ತಿದ್ದುದು ಆ ಕ್ಲಬ್ಬಿನ ಮೂರನೇ ಮಹಡಿಯಲ್ಲಿ, ಅದಕ್ಕೆ ಎರಡು ಬಾಗಿಲು. ಒಂದರ ಮೇಲೆ ಫ್ರೆಂಚಿನಲ್ಲಿ ‘ಖಾಸಗಿ’ ಅಂತ ಬೋರ್ಡು, ಇನ್ನೊಂದಕ್ಕೆ ನಂಬರ್ ಒತ್ತುವ ಬೀಗ. ಒಳಗೆ ಹೋದವರೆಲ್ಲ ತಿಳಿದೇ ಹೋದವರು, ಯಾರಿಗೂ ಹಾನಿಯಾಗಿಲ್ಲ ಅಂತ 2005ರ ಡಿಸೆಂಬರ್‌ನಲ್ಲಿ ಕೋರ್ಟು 7-2ರ ಬಹುಮತದಿಂದ ಮಾಲೀಕನನ್ನು ಬಿಟ್ಟಿತು.

ಕಾಯಿಲೆಯೂ ಅಲ್ಲ. ವೈದ್ಯರು ಕಾಯಿಲೆ ಅನ್ನುವುದು ಬಚ್ಚಲುಮನೆ ಕಿಟಕಿಯಲ್ಲಿ ಇಣುಕುವಂಥ ಚಟಕ್ಕೆ. ಅಲ್ಲಿ ಒಳಗಿರುವವರಿಗೆ ಗೊತ್ತೇ ಇರುವುದಿಲ್ಲ. ನಿಮ್ಮ ಎದುರಿನವರಿಗೆ ಚೆನ್ನಾಗಿಯೇ ಗೊತ್ತಿತ್ತು ಅಲ್ವಾ?

ನನಗೆ ಚುಚ್ಚಿದ್ದು ಆ ‘ನಿನ್ನಿಷ್ಟ’. ಅದನ್ನು ಮನೆಮನೆಯಲ್ಲಿ ಹೆಂಗಸರು ಹೇಳುವುದನ್ನು ಕೇಳಿ ಬೆಳೆದವಳು ನಾನು. ಗಂಡಸರ ಬಾಯಲ್ಲೂ ಅದಕ್ಕೆ ಅದೇ ಅರ್ಥ: ಮನಸ್ಸಿಲ್ಲ, ಆದರೆ ಬೇಡ ಅನ್ನಲಾರೆ. ನಮ್ಮ ಯಜಮಾನರು ಮೂವತ್ತು ವರ್ಷ ಬದನೆಕಾಯಿ ಎಣ್ಣೆಗಾಯಿ ಬಡಿಸಿದಾಗೆಲ್ಲ ಸುಮ್ನೆ ತಿಂದರು. ರಿಟೈರ್ ಆದ ಮೇಲೆ ಒಂದು ದಿನ, “ನನಗೆ ಬದನೆಕಾಯಿ ಸೇರಲ್ಲ ಕಣೇ” ಅಂದರು!

ನೋಡುವುದಕ್ಕೆ ಒಪ್ಪಿದವರು ನೋಡಿಸಿಕೊಳ್ಳುವುದಕ್ಕೂ ಒಪ್ಪಿದ್ದಾರೆ ಅಂತಲ್ಲ. ನಮ್ಮ ಕಾನೂನಿಗೂ ಈ ವ್ಯತ್ಯಾಸ ಗೊತ್ತು. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಪ್ರಕಾರ, ಹೆಣ್ಣು ತನ್ನ ಖಾಸಗಿ ಫೋಟೊ ತೆಗೆಯಲು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ, ಹಂಚುವುದು ಅಪರಾಧ.

ಹಾಗಾಗಿ ಒಂದೊಂದೇ ಕೇಳಿ. ಕ್ಲಬ್ಬಿಗೆ ಹೊರಟಾಗ ಕಾರಿನಲ್ಲಿ ಬೇಡ, ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುವಾಗ. ಅಲ್ಲಿ ಕೂತು ನೋಡುವುದು ನಿಮಗೆ ಇಷ್ಟವಾಯಿತಾ? ಬೇರೆಯವರು ನಮ್ಮನ್ನು ನೋಡಿದ್ದು? ಬಾಗಿಲು ಹಾಕಿಕೊಳ್ಳುವ ಕೋಣೆ ಇದ್ದರೆ ಪರವಾಗಿಲ್ಲವಾ? ಕೇಳಿದ ಮೇಲೆ ನೀವು ಸುಮ್ಮನಿರಿ. ಕಾಫಿ ಆರಿದರೂ ಪರವಾಗಿಲ್ಲ. ಮತ್ತೆ ‘ನಿನ್ನಿಷ್ಟ’ ಅಂದರೆ, ಮೂರನೇ ಸಲ ಹೋಗಬೇಡಿ.