ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೃದಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಸಂಶೋಧನೆ

ಪ್ರಶ್ನೆ: ಹೃದಯ ಮತ್ತು ಎದೆ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥನಾಗಿದ್ದೇನೆ. ಬೈಪಾಸ್, ಕವಾಟದ ಆಪರೇಷನ್‌ಗಳು ಸಾಕಷ್ಟು ನಡೆಯುತ್ತವೆ, ಪ್ರಬಂಧಗಳು ಮಾತ್ರ ಹೊರಬರುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
– ಓದುಗರು, ಬೆಳಗಾವಿ

ಉತ್ತರ: ರಿಜಿಸ್ಟರ್‌ನಿಂದ ಶುರು ಮಾಡಿ, ಪ್ರಬಂಧ ಆಮೇಲೆ. ಆಪರೇಷನ್ ಥಿಯೇಟರ್‌ಗೆ ಬಂದ ಪ್ರತಿಯೊಬ್ಬ ರೋಗಿಯೂ ಅದರಲ್ಲಿ ಇರಬೇಕು, ಮಧ್ಯರಾತ್ರಿ ತುರ್ತಾಗಿ ಬಂದು ಉಳಿಯದವರೂ ಸೇರಿ. ಕಷ್ಟದ ಕೇಸ್ ಬರೆಯದೆ ಬಿಟ್ಟರೆ ಮರಣ ಪ್ರಮಾಣ ಸುಳ್ಳಾಗುತ್ತದೆ, ಅದರ ಮೇಲೆ ಕಟ್ಟಿದ ಸಂಶೋಧನೆಯೂ ಸುಳ್ಳಾಗುತ್ತದೆ.

ವ್ಯಾಖ್ಯೆಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಅಮೆರಿಕದಲ್ಲಿ 1989ರಲ್ಲಿ ಶುರುವಾದ ಎಸ್‌ಟಿಎಸ್ (ಎದೆ ಶಸ್ತ್ರಚಿಕಿತ್ಸಕರ ಸಂಘ) ಡೇಟಾಬೇಸ್‌ನ ವ್ಯಾಖ್ಯೆಗಳನ್ನೇ ತೆಗೆದುಕೊಳ್ಳಬಹುದು. ಆಪರೇಷನ್ನಿಗೆಂದು ದಾಖಲಾದವರು ಎಷ್ಟು ದಿನದ ಮೇಲಾದರೂ ಆಸ್ಪತ್ರೆಯಲ್ಲೇ ತೀರಿಕೊಂಡರೆ, ಅಥವಾ ಮನೆಗೆ ಹೋದವರು ಆಪರೇಷನ್ ಆದ 30 ದಿನದೊಳಗೆ ತೀರಿಕೊಂಡರೆ, ಅದು ಶಸ್ತ್ರಚಿಕಿತ್ಸಾ ಮರಣ. ವೆಂಟಿಲೇಟರ್ 24 ಗಂಟೆ ದಾಟಿದರೆ ಅದೊಂದು ತೊಡಕು. ಪಂಪ್ ಸಮಯ (ಹೃದಯ-ಶ್ವಾಸಕೋಶ ಯಂತ್ರ ನಡೆದ ಹೊತ್ತು), ಕ್ಲ್ಯಾಂಪ್ ಸಮಯ (ಮಹಾಪಧಮನಿಯನ್ನು ಬಿಗಿಹಿಡಿದಿದ್ದ ಹೊತ್ತು), ಅತಿ ಕಡಿಮೆ ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಇವನ್ನು ಆ ಯಂತ್ರ ನಡೆಸುವ ಪರ್ಫ್ಯೂಷನಿಸ್ಟ್ ಅಂದೇ ತುಂಬಲಿ. ಆಪರೇಷನ್ನಿಗೆ ಮುಂಚೆಯೇ ಸಾವಿನ ಅಪಾಯ ಅಂದಾಜಿಸುವ ಯೂರೋಸ್ಕೋರ್-2 ಲೆಕ್ಕ ಹಾಕಿ ಬರೆದಿಡಿ. ಫಲಿತಾಂಶ ಗೊತ್ತಾದ ಮೇಲೆ ಹಾಕಿದ ಸ್ಕೋರ್‌ಗೆ ಬೆಲೆಯಿಲ್ಲ.

ನಮ್ಮ ಭಾಗದಲ್ಲಿ ಎಲ್ಲ ಕೆಡುವುದು ಡಿಸ್ಚಾರ್ಜ್ ಆದ ಮೇಲೆ. ಲೋಹದ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) 2.5ರಿಂದ 3.5ರೊಳಗೆ ಇರಬೇಕು. ಆದರೆ ಅವರು ದುಡಿಯಲು ಗೋವಾಕ್ಕೋ ಪುಣೆಗೋ ಹೊರಟರೆ, ಕಬ್ಬು ಕಡಿಯಲು ಗ್ಯಾಂಗ್ ಸೇರಿದರೆ, ರಕ್ತಪರೀಕ್ಷೆ ತಪ್ಪುತ್ತದೆ, ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾಗಿ ಮೂರು ಫೋನ್ ನಂಬರ್ ಬರೆದುಕೊಳ್ಳಿ: ರೋಗಿಯದು, ಮನೆಯವರದು, ಊರಲ್ಲೇ ಉಳಿಯುವ ಒಬ್ಬರದು. 30ನೇ ದಿನ ಮತ್ತು ವರ್ಷಕ್ಕೊಮ್ಮೆ ಫೋನ್ ಮಾಡುವ ಕೆಲಸಕ್ಕೆ ಒಬ್ಬರನ್ನೇ ನೇಮಿಸಿ. ವಿಭಾಗದ ದುಡ್ಡು ಉಪಕರಣಕ್ಕಿಂತ ಮೊದಲು ಈ ಸಂಬಳಕ್ಕೆ ಹೋಗಲಿ.

ಸಾವುಗಳನ್ನು ಚರ್ಚಿಸುವ ಸಭೆ ನಿಗದಿಯಾದ ದಿನವೇ ನಡೆಯಲಿ, ಅಲ್ಲಿ ಮುಖ್ಯಸ್ಥರು ತಮ್ಮ ಕೇಸನ್ನೇ ಮೊದಲು ಇಡಲಿ. ಹಿರಿಯರು ಮುಚ್ಚಿಟ್ಟರೆ ಕಿರಿಯರು ಬಾಯಿ ಬಿಡುವುದಿಲ್ಲ.

ಪ್ರಶ್ನೆ: ಬೈಪಾಸ್ ನಂತರದ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲ್ಕೋಣೆಗಳ ಅಸ್ತವ್ಯಸ್ತ ಬಡಿತ) ಅನ್ನು ಒಂದು ಔಷಧ 30%ರಿಂದ 20%ಕ್ಕೆ ಇಳಿಸುತ್ತದೆಯೇ ಎಂಬುದು ನನ್ನ ಎಂಸಿಎಚ್ (ಶಸ್ತ್ರಚಿಕಿತ್ಸೆಯ ಉನ್ನತ ಪದವಿ) ಪ್ರಬಂಧದ ವಿಷಯ. 60 ರೋಗಿಗಳು ಸಾಕೇ?
– ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸಾಲದು. 80% ಪವರ್ (ನಿಜವಾದ ವ್ಯತ್ಯಾಸ ಕಣ್ಣಿಗೆ ಬೀಳುವ ಸಾಧ್ಯತೆ), 5% ಆಲ್ಫಾ (ಇಲ್ಲದ ವ್ಯತ್ಯಾಸ ಇದೆ ಅನ್ನಿಸುವ ಸಾಧ್ಯತೆ) ಇಟ್ಟುಕೊಂಡರೆ ಪ್ರತಿ ಗುಂಪಿಗೂ ಸುಮಾರು 290 ಜನ ಬೇಕು. 30–30 ಜನರ ಟ್ರಯಲ್‌ನಲ್ಲಿ ಒಳ್ಳೆಯ ಔಷಧವೂ ‘ವ್ಯತ್ಯಾಸವಿಲ್ಲ’ ಅನ್ನಿಸಿಕೊಳ್ಳುತ್ತದೆ. ರೋಗಿಗಳನ್ನು ಅಂಥ ಅಧ್ಯಯನಕ್ಕೆ ಒಪ್ಪಿಸುವುದು ಅವರಿಗೆ ಮಾಡುವ ಅನ್ಯಾಯ. ಎರಡು ದಾರಿಗಳಿವೆ. ಬೆಳಗಾವಿಯಂಥ ಬೇರೆ ಕೇಂದ್ರಗಳನ್ನು ಜೊತೆಗೆ ಸೇರಿಸಿಕೊಳ್ಳಿ, ಇಲ್ಲವೇ ರಿಜಿಸ್ಟರ್ ಆಧರಿಸಿ ಈ ತೊಂದರೆ ಯಾರಿಗೆ ಹೆಚ್ಚು ಎಂಬ ಪ್ರಶ್ನೆ ಹಿಡಿಯಿರಿ. ಎರಡನೆಯದು ಮೂರು ವರ್ಷದ ಕೋರ್ಸ್‌ಗೆ ಹೊಂದುತ್ತದೆ. ಅದಕ್ಕೂ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಟ್ರಯಲ್ಲೇ ಮಾಡುವುದಾದರೆ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಸಿಟಿಆರ್‌ಐನಲ್ಲಿ (ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪಟ್ಟಿ) ನೋಂದಣಿ ಮುಗಿದಿರಬೇಕು. ತಡವಾದ ನೋಂದಣಿಯನ್ನು ಒಳ್ಳೆಯ ಜರ್ನಲ್‌ಗಳು ಒಪ್ಪುವುದಿಲ್ಲ.

ಪ್ರಶ್ನೆ: ಎಲ್ಲ ಪ್ರಬಂಧಗಳಲ್ಲೂ ಮುಖ್ಯಸ್ಥರ ಹೆಸರು ಇರಲೇಬೇಕೇ?
– ಓದುಗರು, ಬಾಗಲಕೋಟೆ

ಉತ್ತರ: ಬೇಕಿಲ್ಲ. ಐಸಿಎಂಜೆಇ (ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ) ನಿಯಮದಂತೆ ಲೇಖಕರಾಗಲು ನಾಲ್ಕೂ ಷರತ್ತು ಪೂರೈಸಬೇಕು: ಅಧ್ಯಯನದ ಯೋಜನೆಗೆ ಅಥವಾ ಮಾಹಿತಿಗೆ ಗಣನೀಯ ಕೊಡುಗೆ, ಬರವಣಿಗೆ ಅಥವಾ ವಿಮರ್ಶಾತ್ಮಕ ತಿದ್ದುಪಡಿ, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆ. ವಿಭಾಗ ನಡೆಸಿದ್ದಕ್ಕೆ, ಹಣ ತಂದದ್ದಕ್ಕೆ ಕೃತಜ್ಞತೆಯ ಸಾಲು ಸಾಕು. ಹೆಸರುಗಳ ಕ್ರಮವನ್ನು ಮಾಹಿತಿ ಸಂಗ್ರಹಕ್ಕೆ ಮುಂಚೆಯೇ ಬರೆದು, ಎಲ್ಲರಿಂದ ಸಹಿ ಹಾಕಿಸಿಡಿ.