ಸರ್ಜನ್ ಅಲ್ಲದವರಿಗೆ ಅಲ್ಲೇನು ಕೆಲಸ?

ನೀವು ಬೆಂಗಳೂರಿನಲ್ಲಿ ಫಿಸಿಯೋಥೆರಪಿಸ್ಟ್ ಅಂತ ಬರೆದಿದ್ದೀರಿ. ಹೊರದೇಶಕ್ಕೆ ಹೋಗಿ ಬಡವರಿಗೆ ಉಚಿತವಾಗಿ ಮಂಡಿ, ಸೊಂಟದ ಕೀಲು ಬದಲಿಸುವ ತಂಡಗಳ ಜತೆ ಸ್ವಯಂಸೇವೆಗೆ ಹೋದರೆ ಹೇಗಿರುತ್ತದೆ, ಸರ್ಜನ್ ಅಲ್ಲದವರಿಗೆ ಅಲ್ಲಿ ಕೆಲಸ ಇರುತ್ತದಾ ಅನ್ನೋದು ನಿಮ್ಮ ಪ್ರಶ್ನೆ. ನಾನೂ ಫಿಸಿಯೋನೇ. ಹಾಸನದ ಕಡೆಯವಳು, ಈಗ ಅಮೆರಿಕದಲ್ಲಿದ್ದೇನೆ. ಎರಡು ಸಲ ಮಧ್ಯ ಅಮೆರಿಕದ ಗ್ವಾಟೆಮಾಲಾಕ್ಕೆ ಹೋಗಿ ಬಂದಿದ್ದೇನೆ.

ಇಂಥ ತಂಡಗಳಲ್ಲಿ ಹೆಚ್ಚು ಹೆಸರು ಕೇಳಿಬರುವುದು ಆಪರೇಷನ್ ವಾಕ್‌ನದು. ಲಾಸ್ ಏಂಜಲೀಸಿನ ಸರ್ಜನ್ ಲಾರೆನ್ಸ್ ಡಾರ್ 1996ರಲ್ಲಿ ಅದನ್ನು ಶುರು ಮಾಡಿದರು. ಆಮೇಲೆ ಬೇರೆ ಊರುಗಳ ವೈದ್ಯರೂ ಅದೇ ಹೆಸರಲ್ಲಿ ತಂಡ ಕಟ್ಟಿಕೊಂಡರು. ನಾನು ಹೋದದ್ದು ಇನ್ನೊಂದು ಸಣ್ಣ ತಂಡದ ಜತೆ. ಕ್ರಮ ಮಾತ್ರ ಹೆಚ್ಚುಕಡಿಮೆ ಒಂದೇ. ಒಟ್ಟು ಒಂದು ವಾರ: ಪೆಟ್ಟಿಗೆ ಬಿಚ್ಚಿ ರೋಗಿಗಳ ತಪಾಸಣೆ, ನಾಲ್ಕು ದಿನ ಬೆಳಗಿಂದ ರಾತ್ರಿವರೆಗೆ ಆಪರೇಷನ್, ಕೊನೆಗೆ ಎಲ್ಲರನ್ನೂ ನಡೆಸಿ ನೋಡಿ ಮನೆಗೆ ಕಳಿಸುವುದು. ಕೃತಕ ಕೀಲುಗಳು ಕಂಪನಿಗಳಿಂದ ದಾನವಾಗಿ ಬಂದಿದ್ದವು. ವಿಮಾನದ ಟಿಕೆಟ್ಟು, ರಜೆ ನಮ್ಮ ಕೈಯಿಂದ.

ಮೊದಲ ದಿನವೇ ಎಲ್ಲಕ್ಕಿಂತ ಕಷ್ಟದ ದಿನ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಗುಡ್ಡಗಾಡಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರಲ್ಲಿ ಕೆಲವರನ್ನು ವಾಪಸ್ ಕಳಿಸಲೇಬೇಕು. ಹತೋಟಿಗೆ ಬರದ ಶುಗರ್, ಹುಳುಕು ಹಲ್ಲಿನ ಸೋಂಕು, ಕಾಲಲ್ಲಿ ಆರದ ಗಾಯ, ಇದರಲ್ಲಿ ಯಾವುದಿದ್ದರೂ ಹೊಸ ಕೀಲಿಗೆ ಕೀವು ಹಿಡಿಯುವ ಭಯ. ಕೀವು ಹಿಡಿದರೆ ಕೀಲನ್ನು ತೆಗೆದು ಮತ್ತೆ ಆಪರೇಷನ್ ಮಾಡಬೇಕಾಗಬಹುದು, ಅಷ್ಟೊತ್ತಿಗೆ ನಾವು ಅಲ್ಲಿರುವುದಿಲ್ಲ. ಒಬ್ಬ ರೈತನ ಕಣಕಾಲಲ್ಲಿ ಕಾಸಿನಗಲ ಹುಣ್ಣಿತ್ತು. "ಮುಂದಿನ ವರ್ಷ ಬನ್ನಿ" ಅಂದಾಗ ಆತ ಟೋಪಿ ತೆಗೆದು ನಮಸ್ಕಾರ ಮಾಡಿ ಹೋದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮಾರನೇ ದಿನ ನಮ್ಮದೇ ಎಡವಟ್ಟು. ನಾವು ತಂದ ವಾಕರ್‌ಗಳು ಅಮೆರಿಕನ್ನರ ಅಳತೆಯವು. ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನಾಂಗದ ಅಜ್ಜಿಯರಲ್ಲಿ ಹೆಚ್ಚಿನವರು ಐದಡಿಗೂ ಕಡಿಮೆ. ವಾಕರ್ ಪೂರ್ತಿ ಇಳಿಸಿದರೂ ಹಿಡಿ ಎದೆಯ ಹತ್ತಿರ ಬರುತ್ತಿತ್ತು. ಕೊನೆಗೆ ಆಸ್ಪತ್ರೆಯ ರಿಪೇರಿ ಕೆಲಸದವರು ಹ್ಯಾಕ್ಸಾ ತಂದು ಕಾಲು ಕತ್ತರಿಸಿ, ರಬ್ಬರ್ ಬುಶ್ ತಿರುಗಿ ಹಾಕಿಕೊಟ್ಟರು. ಅದೂ ಪುಕ್ಕಟೆ ಸೇವೆಯೇ, ಫೋಟೋದಲ್ಲಿ ಬರಲಿಲ್ಲ ಅಷ್ಟೆ.

ಈಗ ನಿಮ್ಮ ಅಸಲಿ ಪ್ರಶ್ನೆಗೆ ಬರುತ್ತೇನೆ. ಆಪರೇಷನ್ ಟೇಬಲ್ ಮೇಲೆ ಒಂದು ಮಂಡಿಗೆ ಗಂಟೆ, ಒಂದೂವರೆ ಗಂಟೆ. ಅದೇ ದಿನ ಸಂಜೆಯೋ ಮಾರನೇ ಬೆಳಿಗ್ಗೆಯೋ ರೋಗಿಯನ್ನು ಎಬ್ಬಿಸಿ ನಿಲ್ಲಿಸುವವರು ನಾವು. ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಒಬ್ಬರು ಸ್ಪ್ಯಾನಿಷಿಗೆ, ಅದನ್ನು ಇನ್ನೊಬ್ಬ ಹುಡುಗಿ ಅಲ್ಲಿನ ಮಾಯಾ ಜನರಾಡುವ ಕಾಕ್ಚಿಕೆಲ್ ಭಾಷೆಗೆ ದಾಟಿಸಬೇಕು. ನನ್ನ ಎರಡು ನಿಮಿಷದ ಪಾಠ ಅತ್ತ ಮುಟ್ಟುವಾಗ ಎರಡು ಪದವಾಗಿರುತ್ತಿತ್ತು. ನಾನು ಕಲಿತದ್ದು ಒಂದೇ ಪದ, ಮತ್ಯೋಶ್, ಅಂದರೆ ಥ್ಯಾಂಕ್ಸ್.

ಒಬ್ಬ ಅಜ್ಜಿ ನೇಕಾರಳು. ಅವರ ಮಗ್ಗ ನಮ್ಮ ಗುಂಡಿಮಗ್ಗದ ಹಾಗಲ್ಲ. ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯ ಪಟ್ಟಿಯನ್ನು ಸೊಂಟದ ಹಿಂದೆ ಹಾಕಿಕೊಂಡು, ನೆಲದಲ್ಲಿ ಮಂಡಿಯೂರಿ ನೇಯುತ್ತಾರೆ. ಬದಲಿಸಿದ ಮಂಡಿ ಸಾಮಾನ್ಯವಾಗಿ 110–120 ಡಿಗ್ರಿ ಮಡಚುತ್ತದೆ. ಹಿಮ್ಮಡಿ ಮೇಲೆ ಕೂರಲು 150ರ ಹತ್ತಿರ ಬೇಕು. ಜತೆಯ ಅಮೆರಿಕನ್ ಫಿಸಿಯೋ ಮೆಟ್ಟಿಲು ಹತ್ತಿಸಿ, ಕಾರಿನಿಂದ ಇಳಿಯುವುದನ್ನು ಕಲಿಸಿ, ಪಟ್ಟಿಗೆ ಟಿಕ್ ಹಾಕಿದಳು. ಅಜ್ಜಿಯ ಮನೆಯಲ್ಲಿ ಕಾರೂ ಇಲ್ಲ, ಮೆಟ್ಟಿಲೂ ಇಲ್ಲ. ನನ್ನ ಕಣ್ಣ ಮುಂದೆ ಬಂದದ್ದು ನಮ್ಮಜ್ಜಿ: ನೆಲದ ಮೇಲೆ ಈಳಿಗೆಮಣೆ, ಚಕ್ಕಳಮಕ್ಕಳ ಹಾಕಿ ಊಟ, ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ನೆಲಕ್ಕೆ ಕೂರುವುದು ಹೇಗೆ, ನೆಲದಿಂದ ಏಳುವುದು ಹೇಗೆ, ನೀರು ಎಲ್ಲಿಂದ ತರುತ್ತೀರಿ ಅಂತ ಕೇಳಿದ್ದು ನಾನೊಬ್ಬಳೇ. ನಿಮ್ಮಂಥವರು ಅಲ್ಲಿ ಉಪಯೋಗಕ್ಕೆ ಬರುವುದು ಇಲ್ಲೇ. ಮಗ್ಗವನ್ನು ಮೇಲಕ್ಕೆ ಕಟ್ಟಿ ಕುರ್ಚಿಯಲ್ಲಿ ಕೂತು ನೇಯಿರಿ ಅಂದೆ. ಮರುವರ್ಷ ತೋರಿಸಿಕೊಳ್ಳಲು ಬಂದಾಗ, ಕುರ್ಚಿ ಮೊಮ್ಮಗನ ಓದಿಗೆ ಹೋಯಿತು, ತಾನು ಮರದ ದಿಮ್ಮಿ ಮೇಲೆ ಕೂತು ನೇಯುತ್ತೇನೆ ಅಂದಳು. ಎತ್ತರ ಸರಿಯಾಗಿತ್ತು.

ಹೋಗಲೇಬೇಕು ಅನ್ನಿಸಿದರೆ ತಂಡದವರನ್ನು ಎರಡು ಮಾತು ಕೇಳಿ. ಅಲ್ಲಿನ ಫಿಸಿಯೋಗಳು ನಮ್ಮ ಜತೆ ನಿಂತು ಕೆಲಸ ಮಾಡುತ್ತಾರಾ? ನಾವು ವಾಪಸ್ ಬಂದ ಮೂರು ತಿಂಗಳಿಗೆ ಒಬ್ಬರ ಮಂಡಿ ಕೆಂಪಾಗಿ ಊದಿಕೊಂಡರೆ ಯಾರು ನೋಡುತ್ತಾರೆ? ಎರಡನೆಯದಕ್ಕೆ ಆ ಊರಿನದೇ ಒಬ್ಬ ಡಾಕ್ಟರ ಹೆಸರು ಹೇಳಲು ಅವರಿಗೆ ಆಗದಿದ್ದರೆ ಟಿಕೆಟ್ ಬುಕ್ ಮಾಡಬೇಡಿ.