ಮಗ ಅಮೆರಿಕದ ಆರ್ಮಿ ಸೇರ್ತೀನಿ ಅಂದರೆ

ತಂಗೀ, ಗ್ರೀನ್ ಕಾರ್ಡ್ ಬಂದದ್ದೇ ತಡ, ಮಗ ಆರ್ಮಿ ಸೇರ್ತೀನಿ ಅಂತ ಹಟ ಹಿಡಿದಿದ್ದಾನೆ ಅಂದಿರಿ. ‘ಬಣ್ಣ ನೋಡಿ ಮೂಲೆಗೆ ತಳ್ಳಲ್ವಾ ಅಕ್ಕಾ?’ ಅಂತ ಕೇಳಿದಿರಿ. ನಾನಿರುವುದು ನಾರ್ತ್ ಕ್ಯಾರೊಲಿನಾದ ಫೆಯೆಟ್‌ವಿಲ್‌ನಲ್ಲಿ, ಫೋರ್ಟ್ ಬ್ರಾಗ್ ಅನ್ನೋ ಸೇನಾ ನೆಲೆ ಪಕ್ಕ. ಇಲ್ಲಿ ಕಪ್ಪು ಅಧಿಕಾರಿಗೆ ಬಿಳಿ ಹುಡುಗ ಸಲ್ಯೂಟ್ ಹೊಡೆದರೆ ಯಾರೂ ತಿರುಗಿ ನೋಡುವುದಿಲ್ಲ.

ಮೊದಲು ಹೀಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಕಪ್ಪು ಸೈನಿಕರಿಗೆ ಬೇರೆ ತುಕಡಿ, ಬೇರೆ ಬ್ಯಾರಕ್. ಜಾಸ್ತಿ ಜನರಿಗೆ ಸಿಗುತ್ತಿದ್ದದ್ದು ಸಾಮಾನು ಹೊರುವ, ಅಡುಗೆ ಮಾಡುವ ಕೆಲಸ. ದಾನದ ರಕ್ತವನ್ನೂ ಬೇರೆ ಇಡುತ್ತಿದ್ದರು! 1946ರ ಫೆಬ್ರವರಿಯಲ್ಲಿ ಸಾರ್ಜೆಂಟ್ ಐಸಾಕ್ ವುಡರ್ಡ್ ಯುದ್ಧ ಮುಗಿಸಿ, ಯೂನಿಫಾರಂನಲ್ಲೇ ಬಸ್ ಹತ್ತಿದ್ದ. ಡ್ರೈವರ್ ಜೊತೆ ಮಾತಿಗೆ ಮಾತು ಬೆಳೆಯಿತು. ಪಕ್ಕದ ಸೌತ್ ಕ್ಯಾರೊಲಿನಾದಲ್ಲಿ ಪೊಲೀಸರು ಇಳಿಸಿ ಹೊಡೆದರು. ಎರಡೂ ಕಣ್ಣು ಹೋದವು. ಹೊಡೆದ ಪೊಲೀಸ್ ಮುಖ್ಯಸ್ಥನನ್ನು ಬರೀ ಬಿಳಿಯರಿದ್ದ ಜ್ಯೂರಿ ಬಿಟ್ಟು ಕಳಿಸಿತು.

ಅಧ್ಯಕ್ಷ ಟ್ರೂಮನ್‌ಗೆ ಈ ಸುದ್ದಿ ನಾಟಿತು, ನಿಜ. ಆದರೆ ಅವರ ಮನಸ್ಸು ಕರಗಿದ್ದಕ್ಕೇ ಸೇನೆಯಲ್ಲಿ ಭೇದ ಹೋಯಿತು ಅನ್ನುವುದನ್ನು ನಾನಂತೂ ಒಪ್ಪಲ್ಲ. ರೈಲ್ವೆ ಪೋರ್ಟರ್‌ಗಳ ಸಂಘ ಕಟ್ಟಿದ ಎ. ಫಿಲಿಪ್ ರಾಂಡಾಲ್ಫ್ 1948ರಲ್ಲಿ ಸೆನೆಟ್ ಸಮಿತಿ ಮುಂದೆ ನಿಂತು, ಭೇದ ಮಾಡುವ ಸೇನೆಗೆ ಹೋಗಬೇಡಿ ಅಂತ ಹುಡುಗರಿಗೆ ಹೇಳ್ತೀನಿ ಎಂದರು. ನಮ್ಮ ಗಾಂಧೀಜಿಯ ದಾರಿ ಹಿಡಿಯುತ್ತೇವೆ ಅಂತಲೂ ಅಂದರು. ಮೇಲಾಗಿ ಅದು ಚುನಾವಣೆ ವರ್ಷ. ಜುಲೈ 26ಕ್ಕೆ 9981ನೇ ಆದೇಶಕ್ಕೆ ಟ್ರೂಮನ್ ಸಹಿ ಬಿತ್ತು: ಸೇನೆಯಲ್ಲಿ ಎಲ್ಲರಿಗೂ ಸಮಾನ ಅವಕಾಶ.

ಪ್ರತ್ಯೇಕ ತುಕಡಿಗಳನ್ನು ಮುಚ್ಚಿ ಅಂತ ಆ ಆದೇಶದಲ್ಲಿ ನೇರವಾಗಿ ಇರಲಿಲ್ಲ. ಆರ್ಮಿ ಎರಡು ವರ್ಷ ಎಳೆದಾಡಿತು. ಆಮೇಲೆ ಕೊರಿಯಾ ಯುದ್ಧ ಬಂತು. ಬಿಳಿಯರ ತುಕಡಿಗಳಲ್ಲಿ ಸತ್ತವರ ಜಾಗ ತುಂಬಲು ಜನ ಸಾಲಲಿಲ್ಲ, ಕಪ್ಪು ಸೈನಿಕರನ್ನು ಸೇರಿಸಿಕೊಂಡರು. ಒಟ್ಟಿಗೆ ಚೆನ್ನಾಗಿಯೇ ಹೋರಾಡಿದರು. 1954ರ ಹೊತ್ತಿಗೆ ಪ್ರತ್ಯೇಕ ತುಕಡಿ ಒಂದೂ ಉಳಿಯಲಿಲ್ಲ.

ಸೇನಾ ನೆಲೆಗಳ ಗೇಟಿನ ಹೊರಗಿನ ಊರು ಬದಲಾದದ್ದು ಇನ್ನೂ ತಡ. ಕಪ್ಪು ಸೈನಿಕರಿಗೆ ಮನೆ ಸಿಗುತ್ತಿರಲಿಲ್ಲ. 1967ರಲ್ಲಿ ರಕ್ಷಣಾ ಕಾರ್ಯದರ್ಶಿ ಮೆಕ್‌ನಮಾರಾ ಒಂದು ಉಪಾಯ ಮಾಡಿದರು. ಬಣ್ಣ ನೋಡಿ ಮನೆ ಕೊಡುವ ಮಾಲೀಕರ ಹತ್ತಿರ ಬೇರೆ ಯಾವ ಸೈನಿಕನೂ ಹೊಸದಾಗಿ ಬಾಡಿಗೆಗೆ ಹೋಗಕೂಡದು ಅಂತ, ಮೊದಲು ಮೇರಿಲ್ಯಾಂಡ್‌ನಲ್ಲಿ, ಆದೇಶ ಮಾಡಿಸಿದರು. ದುಡ್ಡು ನಿಂತರೆ ಬುದ್ಧಿ ಬರುತ್ತೆ, ಅಲ್ವಾ?

ಈಗಲೂ ಜನರಲ್‌ಗಳಲ್ಲಿ ಬಿಳಿಯರೇ ಜಾಸ್ತಿ. ಕೆಳಗಿನ ಹಂತದಲ್ಲಿ ಅಂಥ ಭಯ ಬೇಡ. ನಿಮ್ಮ ಮಗ ಗ್ರೀನ್ ಕಾರ್ಡ್ ಮೇಲೆ ಸೈನಿಕನಾಗಬಹುದು, ಅಧಿಕಾರಿಯಾಗಲು ಸಿಟಿಜನ್‌ಶಿಪ್ ಬೇಕು. ಗುಪ್ತ ಮಾಹಿತಿ ಇರುವ ಕೆಲಸಗಳೂ ಅಲ್ಲಿಯವರೆಗೆ ಸಿಗಲ್ಲ. ಇದು ಬಣ್ಣದ ವಿಷಯ ಅಲ್ಲ, ಕಾನೂನು. ಸೇನೆಗೆ ಸೇರಿಸಿಕೊಳ್ಳುವ ರಿಕ್ರೂಟರ್ ಯಾವ ಕೆಲಸ ಕೊಡ್ತೀನಿ ಅಂತಾರೋ ಅದು ಒಪ್ಪಂದದಲ್ಲಿ ಬರಹದಲ್ಲಿದೆಯಾ ನೋಡಿ. ಆಮೇಲೆ ಸಹಿ ಹಾಕಲಿ.